ಸಾರಂಗರ ಪುಟ

ಸದಾಶಿವಗಡದ ಮಧುಕರ ಮಾಸ್ತರರಿಗೆ ಬೆಳಗಾದರೆ ಮೊದಲು ದೇವರ ಕೆಲಸ. ಅಂಗಳದ ಅಬ್ಬಲಿಗೆ ಕೊಯ್ದು ತಂದು, ಒಂದು ನಾಮಕ್ಕೆ ಒಂದು ಹೂವಿನಂತೆ ರಾಮದೇವರ ಪಟಕ್ಕೆ ನೂರೆಂಟು ನಾಮ ಏರಿಸುವುದು. ಹೂವು ಸಾಲದ ದಿನ ತುಳಸಿಯ ಎಲೆ. ಅದು ಮುಗಿದ ಮೇಲೆ ಮನುಷ್ಯರ ಕೆಲಸ. ಕಾರವಾರ, ಅಂಕೋಲಾ ಸೀಮೆಯಲ್ಲಿ ಬಾಳಿ, ನಾಲ್ಕು ಜನರಿಗೆ ಬೇಕಾಗಿ ಹೋದವರದ್ದೊಂದು ವ್ಯಕ್ತಿಕೋಶವನ್ನು ಅವರು ನಿವೃತ್ತರಾದಾಗಿನಿಂದ ಕಟ್ಟುತ್ತ ಬಂದಿದ್ದರು. ಈಗ ಅದು ಅಚ್ಚಿನ ಮನೆಯ ಬಾಗಿಲಿಗೆ ಬಂದು ನಿಂತಿತ್ತು.

ಕೋಶಕ್ಕೆ ಮಾಸ್ತರರು ಒಂದು ನೇಮ ಹಾಕಿಕೊಂಡಿದ್ದರು. ಹೆಸರಿನ ಹಿಂದೆ ಮುಂದೆ ಬಿರುದು ಬಾವಲಿ ಇಲ್ಲ. ಕದ್ರಾ ದಾರಿಯ ದೊಡ್ಡಮನೆಯ ರವಿಕಿರಣ ಕಾರು ತಗೊಂಡು ಬಂದು, ತನ್ನ ಮುತ್ತಜ್ಜನ ಹೆಸರಿಗೆ 'ಶ್ರೀಮಂತ ಸರದಾರ' ಸೇರಿಸಲೇಬೇಕೆಂದು ಅರ್ಧ ದಿನ ಕೂತಿದ್ದ. ಮಾಸ್ತರರು ಚಾ ಕುಡಿಸಿದರು, ಬಿರುದು ಕೊಡಲಿಲ್ಲ. "ಪುಸ್ತಕ ಅಂದ್ರೆ ಪಂಕ್ತಿ ಊಟ ಇದ್ದಂಗೆ ರವಿಕಿರಣ. ಎಲ್ರಿಗೂ ನೆಲದ ಮೇಲೇ ಎಲೆ," ಎಂದು ಕಳಿಸಿದ್ದರು. ಆ ಮಾತು ಅವರಿಗೇ ಬಹಳ ಹಿಡಿಸಿ, ಮೂರು ದಿನ ಹೆಂಡತಿ ಯಶೋದೆಯ ಮುಂದೆ ತಿರುತಿರುಗಿ ಹೇಳಿದ್ದರು.

ಅಚ್ಚಾಗುವ ಮೊದಲು ತಪ್ಪು ತಿದ್ದಲಿಕ್ಕೆಂದು ಪ್ರತಿಯೊಂದು ಮನೆಗೂ ಅವರವರ ಪುಟ ಕಳಿಸಿದ್ದರು. ಒಂದು ಸೋಮವಾರ ಬೇಲೆಕೇರಿಯಿಂದ ಹೀರಾ ಎಂಬ ಮುದುಕಿ ಅಂಥದೊಂದು ಪುಟ ಹಿಡಿದು ಬಂದಳು. ಜೊತೆಗೆ ಅಂಕೋಲೆಯ ಬ್ಯಾಂಕಿನಲ್ಲಿ ಕೆಲಸಕ್ಕಿರುವ ಮೊಮ್ಮಗಳು ದೀಕ್ಷಾ. ಹೀರಾಳ ಗಂಡ ರಾಮಾ ಹರಿಕಂತ್ರ, ತೀರಿಕೊಂಡು ವರ್ಷಗಳಾದವು. ಎಂಥ ತೂಫಾನಿನಲ್ಲೂ ಚುಕ್ಕಾಣಿ ಬಿಡದೆ, ಪರರ ದೋಣಿಯವರನ್ನೂ ದಡಕ್ಕೆ ತಂದ ಪುಣ್ಯಾತ್ಮ. ಕೋಶದಲ್ಲಿ ಅವನಿಗೆ ಅರ್ಧ ಪುಟ ಸಂದಿತ್ತು.

ಹೀರಾ ಒಣ ಶೆಟ್ಲಿಯ, ಅಂದರೆ ಸೀಗಡಿಯ, ಪೊಟ್ಟಣವೊಂದನ್ನು ಯಶೋದೆಯ ಕೈಗಿಟ್ಟಳು.

"ಇವತ್ತು ಸೋಮವಾರ, ಹೀರಕ್ಕ. ಇವ್ರಿಗೆ ವಾಸನೆ ಬಂದ್ರೂ ಮೀಯೂಕೆ ಹೋಗ್ತ್ರು," ಎಂದು ಯಶೋದೆ ನಗುತ್ತ ಪೊಟ್ಟಣವನ್ನು ಹಿತ್ತಲ ಗೂಡಿನಲ್ಲಿಟ್ಟಳು.

"ನಾಳೆ ಮಂಗಳವಾರ ಬರೂದಿಲ್ವೇ ತಾಯಿ," ಎಂದಳು ಹೀರಾ. ಆಮೇಲೆ ಪುಟವನ್ನು ಮಾಸ್ತರರ ಮುಂದಿಟ್ಟು, "ಮಾಸ್ತರ್ರೆ, ಬರ್ದದ್ದೆಲ್ಲ ಚಲೋ ಅದೆ. ಮೊಮ್ಮಗಳು ಓದಿ ಹೇಳ್ತು. ಆದ್ರೆ ಸಾರಂಗರು ಎಲ್ಲಿ?"

ಮಾಸ್ತರರಿಗೆ ಗೊತ್ತಿತ್ತು. ಹಿಂದೆ ಯಾವನೋ ಅರಸ ಕಾಳಿ ನದಿಯ ಅಳಿವೆ ದಾಟುವಾಗ ಗಾಳಿ ಎದ್ದಿತಂತೆ. ಚುಕ್ಕಾಣಿ ಹಿಡಿದಿದ್ದ ರಾಮಾ ಹರಿಕಂತ್ರನ ಮನೆಯ ಹಿರಿಯ ಅವನನ್ನು ಒದ್ದೆಯಾಗದಂತೆ ದಡ ಮುಟ್ಟಿಸಿದನಂತೆ. ಅರಸ ಶಾಲು ಹೊದೆಸಿ 'ದರ್ಯಾಸಾರಂಗ', ಸಮುದ್ರದ ಸರದಾರ, ಎಂದು ಬಿರುದು ಕೊಟ್ಟನಂತೆ. ಅಂದಿನಿಂದ ಆ ಮನೆಯಲ್ಲಿ ಚುಕ್ಕಾಣಿ ಹಿಡಿದವರೆಲ್ಲ ಊರಿಗೆ ಸಾರಂಗರೇ.

"ಬಿರುದು ಹಾಕೂದಿಲ್ಲ ಅಂತ ನೇಮ, ಹೀರಕ್ಕ. ನಿಮ್ಮನೆಯವ್ರಿಗೆ ಹಾಕಿದ್ರೆ ಕದ್ರಾ ದಾರಿಯ ಸರದಾರ್ರಿಗೂ ಹಾಕ್ಬೇಕು. ಅವ್ರಿಗೆ ಇಲ್ಲ ಅಂದು ಕಳಿಸಿದೆ. ಈಗ ಯಾವ ಮುಖ ಇಟ್ಕೊಂಡು ಹಾಕೂದು?"

"ಅರಸ ಕೊಟ್ಟದ್ದು ನನಗೆ ಬೇಡ ಮಾಸ್ತರ್ರೆ. ಅವ ಶಾಲು ಕೊಟ್ಟನೋ ಇಲ್ವೋ, ಕಂಡವ್ರು ಯಾರು? ಮನೇಲಿ ಶಾಲಂತೂ ಇಲ್ಲ. ಅದು ನಾ ಕರೀತಿದ್ದ ಹೆಸರು."

ಮಾಸ್ತರರು ಅರ್ಥವಾಗದೆ ದೀಕ್ಷಾಳ ಕಡೆ ನೋಡಿದರು.

"ಅಜ್ಜಿ ಅಜ್ಜನ ಹೆಸ್ರು ಹೇಳೂದಿಲ್ಲ ಸರ್," ಎಂದಳು ದೀಕ್ಷಾ. "ಮದುವೆ ಆದಾಗಿಂದ ಒಂದ್ಸಲಾನೂ ಹೇಳಿದ್ದಿಲ್ಲ. ಪುಸ್ತಕ ಊರಿನ ವಾಚನಾಲಯಕ್ಕೆ ಬರ್ತದಲ್ಲ, ಬಂದ ಮೇಲೆ ನಾನೇ ಹೋಗಿ ಕೇಳ್ತೆ, ನಾನೇ ಆ ಪುಟ ಮುಟ್ಟಿ ನೋಡ್ತೆ ಅಂತ ಹಟ. ಏನಂತ ಕೇಳೂದು? ಹೇಳೂಕೆ ಬರೋ ಹೆಸ್ರು ಪುಸ್ತಕದಲ್ಲಿ ಇಲ್ಲ. ಪುಸ್ತಕದಲ್ಲಿ ಇರೋ ಹೆಸ್ರು ಹೇಳೂಕೆ ಬರೂದಿಲ್ಲ."

"ನೀನೇ ಹೇಳಿ ತೆಗೆಸ್ಬಹುದಲ್ಲ ಮಗಾ?"

"ಅದನ್ನೇ ಹೇಳ್ದೆ. ಸಾರಂಗರು ನನ್ನ ಗಂಡನೋ ನಿನ್ನ ಗಂಡನೋ ಅಂತ ಕೇಳ್ತು."

ಯಶೋದೆ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಕ್ಕಳು. ಮಾಸ್ತರರು ನಗಲಿಲ್ಲ. ಅವರ ಮನಸ್ಸು ಕರಗಿತ್ತು, ನೇಮ ಮಾತ್ರ ಅಡ್ಡ ನಿಂತಿತ್ತು. "ಆಗೂದಿಲ್ಲ ಹೀರಕ್ಕ," ಎಂದರು ಮೆಲ್ಲಗೆ. "ಒಬ್ರಿಗೆ ಮುರಿದ್ರೆ ಅದು ನೇಮ ಅಲ್ಲ."

ಹೀರಾ ಮುನಿಯಲಿಲ್ಲ. ಪುಟವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. "ಹೋಗ್ಲಿ ಬಿಡಿ. ಬಂದದ್ದಕ್ಕೆ ದೇವರಿಗೊಂದು ಕೈ ಮುಗ್ದು ಹೋಗ್ತೆ," ಎಂದು ದೇವರ ಕೋಣೆಯ ಹೊಸ್ತಿಲಲ್ಲಿ ಕೂತಳು. ಬೆಳಗಿನ ಅಬ್ಬಲಿಗೆ ಇನ್ನೂ ಬಾಡಿರಲಿಲ್ಲ. ರಾಮದೇವರ ಪಟವನ್ನು ಕಣ್ಣು ತುಂಬ ನೋಡಿ, ಪಕ್ಕದ ಮನೆಯವರೊಡನೆ ಮಾತಾಡಿದ ಹಾಗೆ ಹೇಳಿದಳು: "ಸೀತಮ್ಮನ ಯಜಮಾನ್ರೇ, ನಮ್ಮ ಸಾರಂಗರು ನಿಮ್ಮಲ್ಲೇ ಇದ್ದಾರೆ. ಚಳಿಗೆ ಅವ್ರ ಮೊಣಕಾಲು ನೋಯ್ತದೆ, ನೋಡ್ಕಳಿ."

ಮಾಸ್ತರರು ಬೆರಗಾಗಿ ನಿಂತರು. "ದೇವರ ಹೆಸರೂ ಹೇಳೂದಿಲ್ಲವೇ?" ಎಂದು ದೀಕ್ಷಾಳನ್ನು ಪಿಸುಮಾತಿನಲ್ಲಿ ಕೇಳಿದರು.

"ಹೆಂಗೆ ಹೇಳ್ತದೆ ಸರ್? ಇಬ್ರದ್ದೂ ಒಂದೇ ಹೆಸ್ರಲ್ಲ. ಭಜನೆಯಲ್ಲಿ ಎಲ್ರೂ ಆ ಹೆಸ್ರು ಹೇಳಿದ್ರೆ ನಮ್ಮಜ್ಜಿ ತಾಳ ಮಾತ್ರ ಹಾಕ್ತದೆ."

ಅಜ್ಜಿ ಮೊಮ್ಮಗಳು ಬಸ್ಸಿಗೆ ಹೋದರು. ಮಾಸ್ತರರು ಆ ದಿನ ಕೋಶ ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಅಬ್ಬಲಿಗೆ ಏರಿಸುತ್ತ ನಾಮ ಹೇಳತೊಡಗಿದರು. ರಘುಪತಿ, ಜಾನಕೀವಲ್ಲಭ, ಕೋಸಲೇಂದ್ರ... ಹೇಳುತ್ತ ಹೇಳುತ್ತ ಕೈ ನಿಂತಿತು. ಇಷ್ಟು ವರ್ಷ ತಾನು ಏರಿಸಿದ್ದೇನು? ಒಂದು ಹೆಸರು, ಉಳಿದದ್ದೆಲ್ಲ ಬಿರುದು. ಯಾರು ಯಾವುದರಿಂದ ಕರೆದರೂ ಕೂತವನು ಒಬ್ಬನೇ, ಓಗೊಡುವವನೂ ಒಬ್ಬನೇ. ಸೀತಮ್ಮನ ಯಜಮಾನ ಎಂದರೂ ಅವನು ತಿರುಗಿ ನೋಡದೆ ಇರುವವನಲ್ಲ. ಅವನು ದಾರಿ ಮುಚ್ಚಿಲ್ಲ, ಮುಚ್ಚಿದವನು ತಾನು. ಮಾಸ್ತರರು ಉಳಿದ ನಾಮಗಳನ್ನು ಅವಸರವಿಲ್ಲದೆ ಮುಗಿಸಿ, ನಮಸ್ಕಾರ ಹಾಕಿ, ನೇರ ಮೇಜಿಗೆ ಹೋದರು.

"ಇವ್ರೇ, ಚಾ ಆರ್ತದೆ," ಎಂದು ಯಶೋದೆ ಬಂದಾಗ ಬರೆದದ್ದನ್ನು ತೋರಿಸಿದರು. ರಾಮಾ ಹರಿಕಂತ್ರನ ಅರ್ಧ ಪುಟ 'ರ' ಅಕ್ಷರದಲ್ಲಿ, ಬಿರುದಿಲ್ಲದೆ, ಇದ್ದಲ್ಲೇ ಇತ್ತು. 'ಸ' ಅಕ್ಷರದಲ್ಲಿ ಮಾತ್ರ ಹೊಸದೊಂದು ಸಾಲು ಸೇರಿತ್ತು. ಎರಡು ಸಾಲು ಮೇಲೆ ಸರದಾರರೂ ಇದ್ದರು.

"ರವಿಕಿರಣನಿಗೂ ಕೊಟ್ರಾ?"

"ಪಂಕ್ತಿ ಊಟ ಅಲ್ವೇ. ಎಲೆ ನೆಲದ ಮೇಲೇ. ಒಳಗೆ ಬರೂಕೆ ಎರಡು ಬಾಗಿಲು, ಅಷ್ಟೇ."

ಯಶೋದೆ ಕನ್ನಡಕ ಏರಿಸಿ ಮತ್ತೊಮ್ಮೆ ಓದಿದಳು. "ನಾಳೆ ನಿಮ್ಮ ಪುಟ ಯಾರಾದ್ರೂ ಬರ್ದ್ರೆ 'ಇ' ಅಕ್ಷರಕ್ಕೂ ಒಂದು ಸಾಲು ಹಾಕೂಕೆ ಹೇಳಿ. ಇವ್ರು ಅಂತ. ನಾನೂ ಹುಡುಕ್ಬೇಕಲ್ಲ."

ನೂಲ ಹುಣ್ಣಿಮೆ ಕಳೆದ ಮೇಲೆ, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿಗಳು ನೀರಿಗೆ ಇಳಿದಿದ್ದ ವಾರದಲ್ಲಿ, ಮಾಸ್ತರರು ಹೊಸ ಪುಸ್ತಕವನ್ನು ತಾವೇ ಬೇಲೆಕೇರಿಯ ವಾಚನಾಲಯಕ್ಕೆ ಒಯ್ದರು. ಹೀರಾ ಜರಿಯ ಸೀರೆ ಉಟ್ಟು, ಅಬ್ಬಲಿಗೆಯ ದಂಡೆ ಹಿಡಿದು, ದೀಕ್ಷಾಳ ಜೊತೆ ಬಂದಿದ್ದಳು. ಮಾಸ್ತರರ ಮುಖ ನೋಡಿ ಏನೂ ತಿಳಿಯದೆ, ಮೇಜಿನ ಮುಂದೆ ಬಂದು ಸೆರಗು ಸರಿಮಾಡಿಕೊಂಡಳು. ಆಮೇಲೆ ಬಂದದ್ದು ಬರಲಿ ಎಂಬಂತೆ ವಾಚನಾಲಯದ ಲತಾಳಿಗೆ ಹೇಳಿದಳು:

"ಸಾರಂಗರ ಪುಟ ತೆಗೀರಿ."

ಲತಾ 'ಸ' ಅಕ್ಷರ ತೆಗೆದು ಬೆರಳಿಟ್ಟು ಓದಿದಳು. "ಸಾರಂಗರು, ಬೇಲೆಕೇರಿ. ಹೆಂಡತಿ ಕರೆಯುತ್ತಿದ್ದ ಹೆಸರು. ನೋಡಿ: ರಾಮಾ ಹರಿಕಂತ್ರ."

ಅಲ್ಲಿಂದ ಹಾಳೆ ತಿರುವಿ, ಅರ್ಧ ಪುಟದ ಮುಂದೆ ಪುಸ್ತಕವನ್ನು ತೆರೆದಿಟ್ಟಳು. ಹೀರಾ ಅಕ್ಷರ ಬಾರದ ಬೆರಳನ್ನು ಆ ಹೆಸರಿನ ಮೇಲೆ ಮೆಲ್ಲಗೆ ಆಡಿಸಿದಳು, ಮಲಗಿದವರ ಹಣೆ ಮುಟ್ಟಿದ ಹಾಗೆ. ಆಮೇಲೆ ತಂದ ದಂಡೆಯಿಂದ ಒಂದು ಹೂವು ಬಿಡಿಸಿ ಪುಟದ ನಡುವೆ ಇಟ್ಟು, ಪುಸ್ತಕವನ್ನು ತಾನೇ ಮುಚ್ಚಿದಳು.

"ಕಲೆ ಆಗ್ತದೆ ಅಜ್ಜಿ," ಎಂದಳು ದೀಕ್ಷಾ.

"ಆಗ್ಲಿ ಬಿಡು ಮಗಾ," ಎಂದರು ಮಾಸ್ತರರು.