ಪುಡಿ ತಿನ್ನದವಳು

ಗಂಡನ ಆಯಸ್ಸು ಹೆಚ್ಚಲಿ ಎಂದು ವ್ರತ ಮಾಡುವ ಹೆಂಗಸರನ್ನು ನೀವೆಲ್ಲ ಕಂಡಿದ್ದೀರಿ. ಗಂಡನಿಗೆ ಯೌವನ ಮರಳಿದ್ದು ಸಾಬೀತಾಗಲಿ ಎಂದು ತಾನು ಮುದುಕಿಯಾಗಬೇಕಾಗಿ ಬಂದವಳು ನಾನೊಬ್ಬಳೇ ಇರಬೇಕು.

ನನ್ನ ಗಂಡ ಶಶಿಧರ ಅವರದು ಸ್ಯಾನ್ ರಮೋನಿನ ಆಫೀಸ್ ಪಾರ್ಕಿನಲ್ಲಿ ಒಂದು ಕಂಪನಿ. ಮುಪ್ಪು ತಡೆಯುವ ಕಂಪನಿ. ಈ ಬೇ ಏರಿಯಾದಲ್ಲಿ ದುಡ್ಡು ಮಾಡಿದವರಿಗೆಲ್ಲ ಕೊನೆಗೆ ಹತ್ತುವ ಚಿಂತೆ ಒಂದೇ: ಇಷ್ಟೆಲ್ಲ ಬಿಟ್ಟು ಸಾಯುವುದು ಹೇಗೆ? ಅವರ ಚಿಂತೆಯೇ ನಮ್ಮ ಬಂಡವಾಳ. ಮಾತಾಡುವ ಕೆಲಸ ಇವರದು, ಲ್ಯಾಬಿನಲ್ಲಿ ಕೋಶ ಬೆಳೆಸುವ ಕೆಲಸ ನನ್ನದು.

ಕೋಶಗಳು ಇಲಿಯವು. ಪ್ರತಿ ಕೋಶದೊಳಗೂ ಮೈಟೊಕಾಂಡ್ರಿಯ ಎಂಬ ಪುಟ್ಟ ಪುಟ್ಟ ಒಲೆಗಳಿರುತ್ತವೆ, ಆ ಒಲೆಗಳಿಗೆ ಅವುಗಳದೇ ಡಿಎನ್‌ಎ ಇರುತ್ತದೆ. ನಮ್ಮಲ್ಲಿರುವ ತಳಿಯಲ್ಲಿ ಆ ಡಿಎನ್‌ಎ ತುಂಬ ತಪ್ಪುಗಳು. ಹಾಗಾಗಿ ಒಲೆ ಮಂಕಾಗಿ, ಕೋಶ ಬೇಗ ಮುದಿಯಾಗಿ, ಬೆಳೆಯುವುದನ್ನು ಬಿಟ್ಟು ಅಗಲವಾಗಿ ಬಿದ್ದುಕೊಳ್ಳುತ್ತದೆ. ಒಂದು ಸಾಲಿನ ತಟ್ಟೆಗಳಿಗೆ ಇವರು ಕಂಡುಹಿಡಿದ ಪುಡಿ ಹಾಕುತ್ತೇನೆ, ಇನ್ನೊಂದಕ್ಕೆ ಹಾಕುವುದಿಲ್ಲ. ಪುಡಿ ಕಾಣದ ಸಾಲಿಗೆ ಕಂಟ್ರೋಲು ಎನ್ನುತ್ತೇವೆ. ಅದು ಹಾಳಾದರೆ ತಾನೆ ಪುಡಿಯ ಮಹಿಮೆ ಗೊತ್ತಾಗುವುದು?

ಪುಡಿ ಹಾಕಿದ ಸಾಲು ಮತ್ತೆ ಬೆಳೆಯತೊಡಗಿದ ದಿನ ಇವರು ಕುಣಿದಾಡಿದರು.

"ಅವಸರ ಮಾಡ್ಬೇಡಿ. ಇಲಿ ಕೋಶಗಳು ಒಂದೊಂದ್ಸಲ ಯಾವ ಔಷಧಿನೂ ಇಲ್ದೆ ತಾವಾಗೇ ಎದ್ದು ಕೂತ್ಕೊಳ್ತವೆ. ಅದು ಯೌವನ ಅಲ್ಲ, ರೋಗ" ಅಂದೆ.

ಕೇಳುವವರು ಯಾರು! ಅವತ್ತು ಸಂಜೆಯೇ ಪುಡಿಯ ಡಬ್ಬಿ ಮನೆಗೆ ಬಂತು.

"ನಿರುಪಮಾ, ಒಂದ್ ವರ್ಷ ನಾ ಇದನ್ನ ತಗೋತೀನಿ. ನೀ ನನ್ನ ಕಂಟ್ರೋಲು. ಕಡೀಕ ಇಬ್ಬರದೂ ಬ್ಲಡ್ ಟೆಸ್ಟು ಮಾಡ್ಸಿ ಇನ್ವೆಸ್ಟರ್ ಮುಂದ ಇಡೋಣು."

"ಅಂದ್ರೆ ನಾನು ಮುದುಕಿ ಆದ್ರೆ ನೀವು ಗೆದ್ದ ಹಾಗೆ?"

"ಹಂಗಲ್ಲ, ಡೇಟಾ ಬೇಕಲ್ಲ!"

ನನಗೆ ಮೈಯೆಲ್ಲ ಉರಿಯಿತು. ಗದಗಿನಿಂದ ಬಂದು ನಮ್ಮ ಜೊತೆಗಿರುವ ಅತ್ತೆ ದ್ಯಾಮವ್ವ ಅವರಿಗೂ ಇದು ಸೇರಲಿಲ್ಲ. "ಹೇಂತಿ ಮುಂದ ಕುಂತು ನೀ ಒಬ್ಬನ ಪುಡಿ ನುಂಗತೀಯಲ್ಲೋ ಶಶಿ, ಪಂಕ್ತಿಭೇದ ಮಾಡಿದ್ರ ಪಾಪ ಬರ್ತೈತಿ" ಎಂದು ಮಗನನ್ನು ಬೈದರು. ಮಗ ಪಾಪವನ್ನೂ ಪುಡಿಯ ಜೊತೆಗೇ ನೀರು ಕುಡಿದು ನುಂಗಿದರು.

ಆದರೆ ಕಂಟ್ರೋಲಿಗೆ ಒಂದು ನಿಯಮವಿದೆ. ಪುಡಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಎರಡೂ ಸಾಲಿಗೆ ಒಂದೇ ಆಗಿರಬೇಕು. ಮದುವೆಯಾದಾಗಿನಿಂದ ಲ್ಯಾಪ್‌ಟಾಪಿನ ಮುಂದೆ ಊಟ ಮಾಡಿದ ಗಂಡ ಈಗ ನನ್ನ ಜೊತೆ, ನಾನು ಕೂತ ಹೊತ್ತಿಗೆ, ನಾನು ತಿಂದದ್ದನ್ನೇ ತಿನ್ನತೊಡಗಿದರು. ನಾನು ಮಲಗಿದಾಗ ಮಲಗಿದರು. ದಿನಾ ಸಂಜೆ ಐರನ್ ಹಾರ್ಸ್ ಟ್ರೇಲ್ ಎಂಬ ಕಾಲುದಾರಿಯಲ್ಲಿ ಇಬ್ಬರೂ ನಡೆಯಲು ಹೋದೆವು. ನಡೆಯುತ್ತ ಒಂದು ದಿನ ಇವರಿಗೆ ಹೊಸ ಜ್ಞಾನೋದಯವಾಯಿತು.

"ಏನು, ನಿಂಗ ಬದನಿಕಾಯಿ ಸೇರಂಗಿಲ್ಲಾ?"

"ಮದುವೆಯಾದಾಗಿಂದ ಸೇರಲ್ಲ."

"ಮತ್ತ ಎಣ್ಣಿಗಾಯಿ ಮಾಡ್ತಿದ್ದೀಯಲ್ಲ?"

"ನಿಮಗೆ ಸೇರತ್ತಲ್ಲ."

ಆಮೇಲೆ ಮನೆಯಲ್ಲಿ ಬದನೆಕಾಯಿ ಕಾಣಲಿಲ್ಲ. ಎರಡೂ ಸಾಲಿಗೆ ಒಂದೇ ಆಹಾರ ತಾನೆ! ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಸುಖವಾಗಿತ್ತು. ಸಂಜೆ ಯಾವಾಗ ಆದೀತು ಎಂದು ಕಾಯುತ್ತಿದ್ದೆ. ಪುಡಿ ತಿಂದ ಇವರ ಕೂದಲು ಮೊದಲು ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು, ನನ್ನ ಮುಖ ಮಾತ್ರ ಕಳೆಗಟ್ಟುತ್ತಿದೆ ಎಂದು ದೇವಸ್ಥಾನದಲ್ಲಿ ಸಿಕ್ಕವರೆಲ್ಲ ಹೇಳಿ, ನಮಗೂ ಒಂದು ಚಮಚ ಪುಡಿ ಕೊಡಿ ಎಂದು ಗೋಗರೆದರು.

ಲ್ಯಾಬಿನ ಕಂಟ್ರೋಲ್ ತಟ್ಟೆಗಳನ್ನು ಎಸೆದುಬಿಡು ಎಂದು ಇವರು ಆಗಾಗ ಹೇಳುತ್ತಿದ್ದರು. ನನಗೆ ಮನಸ್ಸಾಗಲಿಲ್ಲ. ಅವೂ ನನ್ನ ಜಾತಿಯವೇ ಅಲ್ಲವೇ? ಪೋಷಕ ದ್ರವ ಬದಲಿಸುತ್ತ ಸಾಕಿಕೊಂಡಿದ್ದೆ. ವರ್ಷ ಮುಗಿಯುತ್ತ ಬಂದು, ಇನ್ವೆಸ್ಟರ್ ಬರಲು ಎರಡು ದಿನವಿದೆ ಎನ್ನುವಾಗ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಪುಡಿಯನ್ನೇ ಕಾಣದ ಆ ಬಡಪಾಯಿಗಳು ತಟ್ಟೆಯ ತುಂಬ ದಟ್ಟವಾಗಿ ಬೆಳೆದು ನಿಂತಿದ್ದವು. ನಾನು ಹೆದರಿದ್ದೇ ಆಗಿತ್ತು. ಪುಡಿಯಲ್ಲಿ ಏನೂ ಇರಲಿಲ್ಲ.

ಕಂಪನಿ ಮುಳುಗಿದರೆ ಮುಳುಗಲಿ, ನಮ್ಮಿಬ್ಬರಿಗೂ ಇನ್ನೊಂದು ಕಡೆ ಕೆಲಸ ಸಿಕ್ಕೀತು. ನನ್ನ ಎದೆ ಒಡೆದದ್ದು ಸಂಜೆಯ ನಡಿಗೆಯನ್ನು ನೆನೆದು. ಹೇಳಿದರೆ ಅದೂ ಮುಗಿಯಿತು. ಅವತ್ತು ಬಾಯಿ ಬಿಡದೆ ಇವರ ಪಕ್ಕದಲ್ಲಿ ನಡೆದುಬಂದೆ, ಒಂದು ಹೆಜ್ಜೆಯೂ ರುಚಿಸಲಿಲ್ಲ. ಇಲ್ಲದ ಗುಣವನ್ನು ಮಾರಲು ಬಿಟ್ಟು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಲ್ಯಾಬಿಗೆ ಕರೆದೊಯ್ದು ತೋರಿಸಿದೆ.

ಇವರು ಒಂದೊಂದೇ ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರು. ಜಗಳಾಡಲಿಲ್ಲ. ಹೊರಗೆ ಹೋಗಿ ಇನ್ವೆಸ್ಟರಿಗೆ ತಾವೇ ಫೋನ್ ಮಾಡಿ ಇದ್ದದ್ದನ್ನು ಹೇಳಿದರು. ನನ್ನ ಗಂಡನ ಮೇಲೆ ನನಗೆ ಹೆಮ್ಮೆ ಎನಿಸಿದ್ದು ಆಗಲೇ.

ಸಂಜೆ ನಾನು ಶೂ ಹಾಕಿಕೊಂಡು ಬಂದಾಗ ಇವರು ಸೋಫಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಪಕ್ಕದಲ್ಲೇ ಊಟದ ತಟ್ಟೆ.

"ಏಳಲ್ವಾ? ವಾಕಿಂಗ್ ಹೊತ್ತಾಯ್ತು."

"ಈಗ್ಯಾಕ? ಎಕ್ಸ್‌ಪೆರಿಮೆಂಟ್ ಮುಗೀತಲ್ಲ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಸಹಜವಾಗಿ ಹೇಳಿದ್ದೇ ಚುಚ್ಚಿತು. ಅಡುಗೆಮನೆಯಲ್ಲಿದ್ದ ಅತ್ತೆ ನನ್ನ ಮುಖ ನೋಡಲಾರದೆ ತಿರುಗಿಕೊಂಡರು.

"ಮುಗೀತು ಅಂತ ಹೇಳಿದ್ಯಾರು?" ಅಂದೆ. "ಒಂದೇ ಸಲದ ರಿಸಲ್ಟನ್ನ ಯಾವ ವಿಜ್ಞಾನಿ ನಂಬ್ತಾನೆ? ಹೊಸ ಕೋಶ ತಂದು ಮೊದಲಿಂದ ಮಾಡ್ಬೇಕು. ಒಂದ್ಸಲ ಅಲ್ಲ, ಮೂರು ಸಲ. ಮನೇದೂ ಅಷ್ಟೇ. ಮಧ್ಯದಲ್ಲಿ ಬಿಟ್ರೆ ಇಲ್ಲೀವರೆಗಿನ ಡೇಟಾ ಎಲ್ಲ ಹಾಳು."

ಡೇಟಾ ಹಾಳು ಎಂಬ ಮಾತು ಕಿವಿಗೆ ಬಿದ್ದದ್ದೇ ಇವರು ಎದ್ದುಬಿಟ್ಟರು. "ಹೌದಲ್ಲ, ಖರೇ ಐತಿ" ಎನ್ನುತ್ತ ಶೂ ಹುಡುಕತೊಡಗಿದರು. ಮೂರು ಸಲವೂ ಯಾವ ರಿಸಲ್ಟು ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಬೇಗ ಬನ್ನಿ" ಎಂದು ಬಾಗಿಲಿನಿಂದ ಕೂಗಿದೆ. "ಕಂಟ್ರೋಲು ಒಬ್ಬಳೇ ನಡೆದ್ರೆ ಲೆಕ್ಕಕ್ಕೆ ಬರಲ್ಲ."