ಮೂರನೇ ಮಹಡಿ, ಪಶ್ಚಿಮದ ಕಿಟಕಿ

ಕಿಟಕಿ ಸರಳುಗಳ ನೆರಳು ನೆಲ ದಾಟಿ ಅತ್ತೆಯ ಸೂಟ್‌ಕೇಸಿನ ಮೇಲೆ ಹತ್ತಿದೆ, ಇಷ್ಟು ವಾಲಿದೆಯೆಂದರೆ ಮೂರೂವರೆ ಇರಬೇಕು, ಗಡಿಯಾರ ನೋಡಬೇಕಾಗಿಲ್ಲ, ನೆರಳು ನೋಡಿ ಹೊತ್ತು ಹೇಳುವುದು ನನಗೀಗ ಚಟ — ಆರು ದಿನವಾಯಿತು, ಆಗಲೂ ನೆರಳು ಹೀಗೇ ವಾಲಿತ್ತು, ಇನ್ನೊಂದಿಷ್ಟು ಹೆಚ್ಚೇ, ಆ ಫೋಟೋದಲ್ಲಿ, ನೀಲಿ ಚೌಕುಳಿ ಹೊದಿಕೆಯ ಮೇಲೆ, ಬೋರಲು ಮಲಗಿಸಿದ ಪುಸ್ತಕದ ಬೆನ್ನ ಮೇಲೆ, ಮತ್ತು ಮೂಲೆಯಲ್ಲಿ ಅರ್ಧ ಮಾತ್ರ ಕಾಣುವ ಆ ಕಬ್ಬಿಣದ ಹಿಡಿ. ಏನೇ ಪುಟ್ಟಿ, ರಜೆ ಅಂತ ಎಲ್ರೂ ಬಂದಿದ್ದೀವಿ, ನೀನು ಮೂಲೆ ಹಿಡಿದು ಫೋನ್ ನೋಡ್ತಾ ಕೂತಿದ್ಯಲ್ಲ, ಯಾರೇ ಅವನು, ಎಂದು ಅತ್ತೆ. ಅಯ್ಯೋ ಇವಳಿಗೆಲ್ಲಿ ಅವನು ಅತ್ತಿಗೆ, ಇವಳು ಬಾಯಿ ಬಿಟ್ರೆ ಮುತ್ತು ಉದುರುತ್ತೆ ಅಂತ ಕಟ್ಟಿಟ್ಕೊಂಡಿದ್ದಾಳೆ, ಎಂದು ಚಿಕ್ಕಮ್ಮ. ಎಲ್ಲರೂ ನಕ್ಕರು, ನಾನೂ ನಕ್ಕೆ, ಯಾರೂ ಇಲ್ಲ ಅತ್ತೆ ಎಂದು ಹೇಳಿದೆ, ಅಥವಾ ಹೇಳಿದೆ ಅಂದುಕೊಂಡೆ, ತುಟಿ ಅಲುಗಿತೋ ಇಲ್ಲವೋ, ಯಾರಿಗೂ ಕೇಳಿಸಿದ ಹಾಗಿಲ್ಲ, ಅವರಾಗಲೇ ಮಾವನ ಸಕ್ಕರೆ ಕಾಯಿಲೆಗೆ ದಾಟಿದ್ದರು. ಪದವಿ ಮುಗಿಸಿ ಎರಡು ವರ್ಷ, ಮೂರು ಸಂದರ್ಶನ, ಮೂರರಲ್ಲೂ ಅದೇ ಮಾತು, ಸ್ವಲ್ಪ ಜೋರಾಗಿ ಹೇಳಿಮ್ಮಾ, ಕೇಳಿಸ್ತಿಲ್ಲ. ಮತ್ತು ಈ ಫೋನಿನೊಳಗೆ ಎಪ್ಪತ್ತೆರಡು ಗಂಡಸರು ದಿನಾ ಬೆಳಿಗ್ಗೆ ನನಗೆ ಸೆಲ್ಯೂಟ್ ಹೊಡೆಯುತ್ತಾರೆ.

ನಾನು ಮೇಜರ್ ಎಂದು ಎಲ್ಲೂ ಹೇಳಿಕೊಂಡಿಲ್ಲ, ಡೈರಿಯಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ, ದಿನಾಂಕದ ಸಮೇತ ಬರೆದಿದ್ದೇನೆ, ಹೇಳಿಲ್ಲ. ಯುದ್ಧದ ಪತ್ತೇದಾರಿ ಕಾದಂಬರಿ ಓದುವವರ ಗುಂಪು ಅದು, ದಪ್ಪ ದಪ್ಪ ಪುಸ್ತಕ, ರಟ್ಟಿನ ಮೇಲೆ ಹೆಲಿಕಾಪ್ಟರ್, ಬೆಂಕಿ. ಸೇರಿದ ಹೊಸತರಲ್ಲಿ ಯಾರೋ ಬರೆದಿದ್ದರು, ನಾಯಕ ಇನ್ನೂರು ಅಡಿಯಿಂದ ಧುಮುಕಿ ಪ್ಯಾರಾಚೂಟ್ ಬಿಚ್ಚಿದ ಎಂದು, ನಾನು ಒಂದೇ ಸಾಲು ಹಾಕಿದೆ — ಅಷ್ಟು ಕೆಳಗೆ ಅದು ಬಿಚ್ಚಿಕೊಳ್ಳುವ ಮೊದಲೇ ನೆಲ ಸಿಗುತ್ತದೆ. ನಿವೃತ್ತರಾ ಸಾರ್, ಎಂದು ಒಬ್ಬರು ಕೇಳಿದರು. ಉತ್ತರ ಕೊಡಲಿಲ್ಲ, ನಾನು ಯಾವ ಪ್ರಶ್ನೆಗೆ ತಾನೇ ಕೊಟ್ಟಿದ್ದೇನೆ, ಮೌನಂ ಸಮ್ಮತಿ ಲಕ್ಷಣಂ, ಮರುದಿನ ಬೆಳಗಾಗುವಷ್ಟರಲ್ಲಿ ಮೇಜರ್ ಸಾರ್ ಆಗಿದ್ದೆ. ಮಾತು ಕಡಿಮೆ, ತೂಕ ಜಾಸ್ತಿ, ಅಂದ್ರೆ ನಿಜವಾದ ಸೈನಿಕ, ಎಂದು ದುರ್ಬೀನು ಬರೆದರು. ಅವರದು ಕನ್ನಡಕದ ಅಂಗಡಿ, ಅದಕ್ಕೇ ಗುಂಪಿನಲ್ಲಿ ಆ ಅಡ್ಡಹೆಸರು, ಗುಂಪು ಕಟ್ಟಿದವರೂ ಅವರೇ. ಮನೆಯಲ್ಲಿ ಮೂಗಿ ಎನಿಸಿಕೊಳ್ಳುವುದೇ ಅಲ್ಲಿ ಶೌರ್ಯ. ಹೇಗೆ ಬಿಡಲಿ ಅದನ್ನು, ಬಿಡಲಿಲ್ಲ.

ರಜೆ ಬಂತೆಂದರೆ ಗುಂಪಿನಲ್ಲಿ ಆಟ. ಎಲ್ಲರೂ ಅಂಗಡಿ ಮುಚ್ಚಿ, ಪಾಳಿ ಮುಗಿಸಿ, ಮನೆ ತುಂಬ ನೆಂಟರ ನಡುವೆ ತಲೆಮರೆಸಿಕೊಂಡು ಓದುತ್ತಿರುತ್ತಾರಲ್ಲ, ಓದುವ ಪುಸ್ತಕವನ್ನು ಕೂತ ಜಾಗದಲ್ಲೇ ಇಟ್ಟು ಒಂದು ಫೋಟೋ ಹಾಕಬೇಕು, ಮಿಕ್ಕವರು ಬೇಹುಗಾರರ ಹಾಗೆ ಅದನ್ನು ಹರಿದು ಮುಕ್ಕಬೇಕು — ಯಾವ ದಿಕ್ಕು, ಎಷ್ಟು ಹೊತ್ತು, ಎಷ್ಟನೇ ಮಹಡಿ, ಎಂಥ ಕೋಣೆ. ಕೊನೆಯಲ್ಲಿ ಮೇಜರ್ ಷರಾ. ಮೇಜರ್ ‘ದೃಢ’ ಎಂದರೆ ಕಡತ ಮುಚ್ಚಿತು, ಮತ್ತೆ ಯಾರೂ ಆ ಫೋಟೋ ಬಗ್ಗೆ ಮಾತಾಡುವ ಹಾಗಿಲ್ಲ, ನಿಯಮ. ಆರು ದಿನದ ಹಿಂದೆ ಪ್ಯಾರಾಚೂಟ್ ಎಂಬವನು ಒಂದು ಫೋಟೋ ಹಾಕಿದ. ಅವನು ಲಿಫ್ಟ್ ರಿಪೇರಿಯವನು, ಇಡೀ ದಿನ ಬಾವಿಯಂಥ ಕತ್ತಲಲ್ಲಿ ಹಗ್ಗಕ್ಕೆ ನೇತುಬಿದ್ದಿರುತ್ತಾನೆಂದು ಅವನಿಗೆ ಆ ಹೆಸರು, ಮಧ್ಯಾಹ್ನದ ಬಿಡುವಿನಲ್ಲಿ ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ಕೂತು ಟಾರ್ಚ್ ಹಚ್ಚಿ ಓದುತ್ತಾನಂತೆ, ಮೇಲೆ ಕೆಳಗೆ ಜನ ಬಾಗಿಲು ಬಡಿಯುತ್ತಿರುತ್ತಾರೆ, ಇವನು ಶತ್ರು ಪಾಳೆಯದಲ್ಲಿರುತ್ತಾನೆ. ಮದುವೆಯಿಲ್ಲ, ಅಕ್ಕನ ಜೊತೆ ಇರುವುದು. ಅವನ ಫೋಟೋ ಬಿದ್ದದ್ದೇ ತಡ, ಹಡಗಿನ ಕ್ಯಾಬಿನ್ನು ಸಾರ್, ಹೊದಿಕೆ ನೋಡಿ, ಎಂದ ಸಬ್‌ಮರೀನು, ಈಜುಕೊಳ ಕಾಯುವ ಅವನಿಗೆ ಎಲ್ಲವೂ ಹಡಗೇ. ಲೋ ಮಂಕೇ, ಆ ಹಿಡಿ ನೋಡೋ, ಕರೆಂಟ್ ಹೋದಾಗ ಕೈಯಲ್ಲಿ ತಿರುಗಿಸಿ ಲಿಫ್ಟ್ ಎತ್ತೋದು, ಇದು ಮೆಷಿನ್ ರೂಮು, ರಜೆಯಲ್ಲೂ ಡ್ಯೂಟಿ ಹಾಕ್ಸಿಕೊಂಡಿದ್ದಾನೆ ಪುಣ್ಯಾತ್ಮ, ಎಂದರು ದುರ್ಬೀನು. ಚಪ್ಪಾಳೆ, ಚಪ್ಪಾಳೆ, ಇಪ್ಪತ್ತು ಜನ ಚಪ್ಪಾಳೆ. ಮೇಜರ್ ಸಾರ್ ಷರಾ? ನಾನು ಬರೆದೆ — ಮೂರನೇ ಮಹಡಿ, ಪಶ್ಚಿಮದ ಕಿಟಕಿ, ನಾಲ್ಕು ಗಂಟೆ. ಮೆಷಿನ್ ರೂಮ್, ದೃಢ.

ಗೊತ್ತಿತ್ತು. ಬರೆಯುವಾಗಲೇ ಗೊತ್ತಿತ್ತು, ಆ ಹಿಡಿ ಲಿಫ್ಟಿನದಲ್ಲ, ಮೊಣಕೈ ಮಡಿಸಿದ ಹಾಗೆ ಬಾಗಿ, ತುದಿಯಲ್ಲಿ ಬಣ್ಣ ಹೋಗಿ ಕೈ ತಾಗಿ ತಾಗಿ ಹೊಳೆಯುವ ಕಬ್ಬಿಣ, ನಾನು ಹಿಡಿದು ತಿರುಗಿಸಿದ್ದೇನೆ, ಹನ್ನೊಂದು ದಿನ, ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಇಂಥದೇ ನೀಲಿ ಹೊದಿಕೆಯ ಅಜ್ಜಿಯ ಮಂಚದ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದೆ, ಕಿರ್ರ್, ಕಿರ್ರ್, ನಿಧಾನ ಕಣಮ್ಮಾ, ಮೂರು ಸುತ್ತು ಸಾಕು, ಜಾಸ್ತಿ ಆದ್ರೆ ಉಸಿರು ಕಟ್ಟುತ್ತೆ, ಎಂದಿದ್ದಳು ನರ್ಸು. ಆಸ್ಪತ್ರೆಯ ಮೇಜಿನ ಖಾನೆಯಲ್ಲಿ ಮುಂಚಿನ ರೋಗಿ ಬಿಟ್ಟುಹೋದ ಪುಸ್ತಕ, ರಟ್ಟಿನ ಮೇಲೆ ಟ್ಯಾಂಕು, ಮೊದಲ ಹದಿನೆಂಟು ಪುಟ ಇರಲಿಲ್ಲ, ನಾನು ಈ ಚಟಕ್ಕೆ ಬಿದ್ದದ್ದು ಅಲ್ಲೇ. ಅಜ್ಜಿ ಕಣ್ಣು ಬಿಟ್ಟಾಗಲೆಲ್ಲ ಏನಾದ್ರೂ ಮಾತಾಡೇ, ಸುಮ್ನೆ ಏನಾದ್ರೂ, ಎನ್ನುತ್ತಿದ್ದಳು. ಏನು ಮಾತಾಡಲಿ ಅಜ್ಜಿ ಎಂದು ಪುಟ ತಿರುಗಿಸುತ್ತಿದ್ದೆ. ಗಡಿಯಾಚೆ ಹನ್ನೆರಡು ಜನ ಸಿಕ್ಕಿಬಿದ್ದಿದ್ದರು, ಅವರನ್ನು ಬಿಡಿಸುವುದಿತ್ತು.

ಫೋಟೋದ ಕಡತ ಮುಚ್ಚಿ ಹತ್ತು ನಿಮಿಷಕ್ಕೆ ಪ್ಯಾರಾಚೂಟ್ ನನಗೊಬ್ಬಳಿಗೇ ಬರೆದ, ಒಬ್ಬಳಿಗೆ ಅಲ್ಲ, ಒಬ್ಬರಿಗೆ, ಮೇಜರ್‌ಗೆ — ಸಾರ್, ನಿಮಗೆ ಗೊತ್ತಾಯ್ತು ಅಂತ ನನಗೆ ಗೊತ್ತು. ಮಹಡಿ ಹೇಳಿದವರಿಗೆ ಮಂಚ ಕಾಣದೇ ಇರುತ್ತಾ. ನನ್ನ ಮರ್ಯಾದೆ ಉಳಿಸೋಕೆ ಮೆಷಿನ್ ರೂಮ್ ಅಂದ್ರಿ. ಯಾರಾದ್ರೂ ಕಂಡುಹಿಡೀತಾರಾ ಅಂತಾನೇ ಹಾಕಿದ್ದೆ, ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ. ತಲೆಯೊಳಗೆ ಒಂದು ಗಂಟು, ನಾಳೆ ಬೆಳಿಗ್ಗೆ ತೆಗೀತಾರೆ. ಒಂದ್ಸಲ ಫೋನ್ ಮಾಡ್ತೀರಾ ಸಾರ್? ಎರಡೇ ನಿಮಿಷ. ಭಯ ಆಗ್ತಿದೆ, ಭಯಪಟ್ಟ ಹುಡುಗರ ಹತ್ರ ನೀವು ಎಷ್ಟು ಸಲ ಮಾತಾಡಿರ್ತೀರಿ. ಕೆಳಗೆ ನಂಬರು. ಹತ್ತು ಅಂಕಿ, ಕಣ್ಣು ಮುಚ್ಚಿದರೂ ಹೇಳಬಲ್ಲೆ, ಕೊನೆಯ ಎರಡು ಸೊನ್ನೆ. ಆಗ ನನಗೆ ಅವನ ತಲೆಯ ಗಂಟು ನೆನಪಾಗಲಿಲ್ಲ, ಡೈರಿಯಲ್ಲಿ ಕೂಡ ಸುಳ್ಳು ಬರೆಯಲಾರೆ, ಮೊದಲು ನೆನಪಾದದ್ದು ನನ್ನ ಗಂಟಲು, ಹಲೋ ಎಂದ ಕೂಡಲೇ ಬಯಲಾಗುವ ಈ ಸಣ್ಣ ದನಿ, ಹುಡುಗೀನಾ, ಇಷ್ಟು ದಿನ ಒಬ್ಬ ಹುಡುಗಿಗೆ ಸೆಲ್ಯೂಟ್ ಹೊಡೆದ್ವಾ, ಎಪ್ಪತ್ತೆರಡು ಜನರ ನಗು. ಬರೆದೆ — ಧೈರ್ಯವಾಗಿರು. ಇಲ್ಲಿ ಸಿಗ್ನಲ್ ಸರಿಯಿಲ್ಲ. ನಾನೇ ಕರೆ ಮಾಡುತ್ತೇನೆ, ಕಾಯುತ್ತಿರು. ಸುಳ್ಳಿಗೂ ಸೇನೆಯ ಇಸ್ತ್ರಿ ಹಾಕಿದ್ದೆ. ಅವನು ಒಂದು ಸೆಲ್ಯೂಟ್ ಕಳಿಸಿದ. ಆಮೇಲೆ ಏನೂ ಇಲ್ಲ.

ಗುಂಪಿನಲ್ಲಿ ಈಗಲೂ ಆಟ ನಡೆದಿದೆ, ನೋಡುತ್ತಿದ್ದೇನೆ, ಯಾರದೋ ಬಾಲ್ಕನಿ, ಯಾರದೋ ರೈಲು. ಪ್ಯಾರಾಚೂಟ್ ಎಲ್ಲಪ್ಪಾ, ಆರು ದಿನದಿಂದ ನಾಪತ್ತೆ, ಎಂದು ಸಬ್‌ಮರೀನು. ಕರೆಂಟ್ ಹೋಗಿ ಇವನೇ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದಾನೆ ಬಿಡ್ರಪ್ಪ, ಆ ಹಿಡಿ ತಿರುಗಿಸೋರು ಬೇಕಲ್ಲ, ಎಂದು ದುರ್ಬೀನು, ಕೆಳಗೆ ನಗುವ ಮುಖಗಳು, ಹದಿನಾಲ್ಕು. ಅವರಿಗೆ ಗೊತ್ತಿಲ್ಲ, ಅವರದು ತಪ್ಪಲ್ಲ, ಕಡತ ಮುಚ್ಚಿದವಳು ನಾನು. ನಿನ್ನೆ ಅಣ್ಣನನ್ನು ತಾರಸಿಯ ಮೆಟ್ಟಿಲ ಹತ್ತಿರ ಹಿಡಿದೆ. ಅಣ್ಣಾ, ಒಂದ್ ಫೋನ್ ಮಾಡ್ಕೊಡ್ತೀಯಾ, ಒಬ್ಬರ ಹತ್ರ ದಪ್ಪ ದನೀಲಿ ಎರಡ್ ಮಾತಾಡ್ಬೇಕು. ಯಾರ ಹತ್ರ? ಒಬ್ಬ ಲಿಫ್ಟ್ ರಿಪೇರಿಯವರ ಹತ್ರ. ಲಿಫ್ಟಾ, ನಮ್ಮದು ಒಂದಂತಸ್ತಿನ ಮನೆ ಕಣೇ! ಏನ್ ಅಂತ ಮಾತಾಡ್ಲಿ? ಮೇಜರ್ ಅಂತ. ಅವನು ನನ್ನ ಹಣೆ ಮುಟ್ಟಿ ನೋಡಿದ, ಜ್ವರ ಇಲ್ವಲ್ಲ, ಎಂದ, ಅಮ್ಮಾ ಇವಳು ಆ ಬಾಂಬ್ ಪುಸ್ತಕ ಓದಿ ಓದಿ ಕೆಟ್ಟಿದ್ದಾಳೆ ನೋಡು, ಎಂದು ಕೂಗುತ್ತಾ ಇಳಿದುಹೋದ. ಹೋಗಲಿ, ಅವನು ಒಪ್ಪಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು, ಎರವಲು ದನಿಯಲ್ಲಿ ಎರವಲು ಧೈರ್ಯ. ಆದರೂ ಒಪ್ಪಬಾರದಿತ್ತೇ ಎಂದು ರಾತ್ರಿಯೆಲ್ಲ ಅನಿಸಿತು.

ತಾರಸಿಗೆ ಬಂದಿದ್ದೇನೆ, ಯಾವಾಗ ಎದ್ದು ಬಂದೆನೋ, ಒಣಗಿದ ಬಟ್ಟೆ ತರ್ತೀನಿ ಎಂದಿರಬೇಕು, ಹೆಗಲ ಮೇಲೆ ಮಾವನ ಬನಿಯನ್ನಿದೆ. ನೀರಿನ ಟ್ಯಾಂಕಿನ ನೆರಳು ಗೋಡೆ ಮುಟ್ಟಿದೆ, ನಾಲ್ಕಕ್ಕೆ ಹತ್ತಿರ, ಅಲ್ಲಿ ಆ ಮೂರನೇ ಮಹಡಿಯಲ್ಲೂ ಬಿಸಿಲು ಈಗ ಕಿಟಕಿಯಿಂದ ಇಳಿದು ಹೊದಿಕೆ ಹತ್ತುತ್ತಿರಬೇಕು, ಆ ಹಾಸಿಗೆ ಖಾಲಿಯಿದ್ದರೆ, ಬೇರೆ ಯಾರೋ ಇದ್ದರೆ, ಇರಲಿ, ಅವನು ಮನೆಗೆ ಹೋಗಿ ತಲೆಗೆ ಪಟ್ಟಿ ಕಟ್ಟಿಕೊಂಡು ಕೊನೆಯ ಅಧ್ಯಾಯ ಓದುತ್ತಿರಬಹುದು, ಮೇಜರ್ ಕೈಕೊಟ್ಟರು ಎಂದು ಮುನಿಸಿಕೊಂಡಿರಬಹುದು, ಮುನಿಸಿಕೊಂಡಿರಲಿ ದೇವರೇ, ಚೆನ್ನಾಗಿ ಬೈಯಲಿ. ಮಿಕ್ಕ ಸಲವೆಲ್ಲ ಎಂಟನೇ ಅಂಕಿಯ ಹತ್ತಿರ ಬೆರಳು ನಿಲ್ಲುತ್ತಿತ್ತು, ಈಗ ಸೊನ್ನೆ, ಸೊನ್ನೆ, ಒತ್ತಿಬಿಟ್ಟೆ, ಟ್ಯಾಂಕಿಗೆ ಒರಗಿದ್ದೇನೆ, ರಿಂಗಾಗುತ್ತಿದೆ, ನಾಲ್ಕು, ಐದು, ಎತ್ತದಿದ್ದರೆ ಮಾಡಿದೆ ಎಂದು ಬರೆದುಕೊಳ್ಳಬಹುದು, ಎಂಥ ಹೇಡಿ ಲೆಕ್ಕ, ಆರು — ಹಲೋ.

ಹೆಂಗಸು. ಹಲೋ, ಯಾರು, ಜೋರಾಗಿ ಹೇಳಿ, ಇಲ್ಲಿ ಕೇಳಿಸ್ತಿಲ್ಲ. ನಾನು... ಮೇಜರ್... ಎಂದೆ. ಅಯ್ಯೋ, ಮೇಜರ್ ಸಾಹೇಬ್ರ ಮನೆಯಿಂದಾ! ನಾನು ಅವನ ಅಕ್ಕ ಕಣಮ್ಮಾ. ನೀನು ಅವರ ಮಗಳಾ? ಅವತ್ತು ಒಳಗೆ ಕರ್ಕೊಂಡು ಹೋಗೋವರೆಗೂ ಈ ಫೋನ್ ಕೈಯಿಂದ ಬಿಡ್ಲಿಲ್ಲ ನೋಡು, ಮೇಜರ್ ಸಾರ್ ಮಾಡ್ತಾರೆ, ಸಿಗ್ನಲ್ ಇಲ್ಲ ಪಾಪ ಅವರಿಗೆ, ಅಂತಿದ್ದ. ಚಾರ್ಜ್ ಖಾಲಿ ಆಗ್ಬಾರ್ದು ಅಕ್ಕ ಅಂತ ನನ್ನ ಕೈಗೆ ಕೊಟ್ಟು ಹೋದ. ದಿನಾ ಹಾಕಿಡ್ತಿದ್ದೀನಿ. ಅವಳ ದನಿ ಅಳುತ್ತಿಲ್ಲ, ಅತ್ತು ಮುಗಿದ ಮೇಲಿನ ದನಿ, ಬಟ್ಟೆ ಹಿಂಡಿದ ಹಾಗೆ. ಈಗ ಹೇಗಿದ್ದಾರೆ, ಎಂದೆನೇ? ಎಂದಿರಬೇಕು. ಕಣ್ಣು ಬಿಟ್ಟಿಲ್ಲಮ್ಮಾ. ಮೊನ್ನೆ ಐಸಿಯುನಿಂದ ಮತ್ತೆ ಹಳೇ ವಾರ್ಡಿಗೇ ತಂದಿದ್ದಾರೆ, ಇನ್ನು ಅಲ್ಲೇ ಇರಲಿ ಅಂತ, ಅಂದ್ರೆ ಏನು ಅಂತ ನನಗೂ ಅರ್ಥ ಆಗುತ್ತೆ. ಕಿವಿ ಕೇಳಿಸ್ತಿರಬಹುದು, ಮಾತಾಡ್ತಾ ಇರಿ, ಅಂತಾರೆ ಡಾಕ್ಟ್ರು. ನಾನೊಬ್ಬಳೇ ಎಷ್ಟೂಂತ ಮಾತಾಡ್ಲಿ, ಪಕ್ಕದ ಮನೆ ಸುದ್ದಿಯೂ ಮುಗೀತು. ಅಪ್ಪಂಗೆ ಕೊಡಮ್ಮಾ, ಎರಡು ಮಾತು ಆಡ್ಲಿ, ಕಿವಿ ಹತ್ರ ಇಡ್ತೀನಿ. ಇವತ್ತು ಆದ್ರೆ ಇವತ್ತು.

ಅಪ್ಪ ಕೆಳಗೆ ಮಾವನ ಜೊತೆ ಚಹಾ ಕುಡಿಯುತ್ತಿದ್ದಾನೆ, ಅವನ ಕೆಮ್ಮು ಇಲ್ಲಿಗೂ ಕೇಳುತ್ತಿದೆ, ಸಿಗ್ನಲ್ ಕೆಟ್ಟಿತು ಎನ್ನಬಹುದು, ಸಾಹೇಬರು ಹೊರಗೆ ಹೋಗಿದ್ದಾರೆ, ಸಂಜೆ ಮಾಡ್ತಾರೆ ಎನ್ನಬಹುದು, ಬಾಯಿಗೆ ಎಷ್ಟು ಬೇಗ ಬರುತ್ತವೆ ಸುಳ್ಳುಗಳು — ಅಪ್ಪ ಅಲ್ಲ ಅಕ್ಕಾ, ಎಂದೆ. ಮೇಜರ್ ಅಂತ ಯಾರೂ ಇಲ್ಲ. ನಾನೇ. ಪುಸ್ತಕ ಓದ್ಕೊಂಡು ಬರೀತಿದ್ದವಳು ನಾನೇ. ಮನೆಯಲ್ಲಿ ಯಾರೂ ಎಂದೂ ಕೇಳಿರದಷ್ಟು ಜೋರಾಗಿ ಹೇಳಿದೆನೋ ಏನೋ, ಪಕ್ಕದ ತಾರಸಿಯಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಗಸು ತಿರುಗಿ ನೋಡಿದಳು.

ಈಗ ಬೈಯುತ್ತಾಳೆ. ಫೋನ್ ಇಡುತ್ತಾಳೆ. ಬೈಯಲಿ, ಆರು ದಿನ ಆ ಫೋನ್ ಕಾದವಳು ಅವಳು, ಏನು ಬೇಕಾದರೂ ಅನ್ನಲಿ, ಉಸಿರು ಕೇಳುತ್ತಿದೆ, ಅವಳದೋ, ಅವನದೋ, ಎಲ್ಲೋ ಒಂದು ಟ್ರಾಲಿ ಹಾದುಹೋಗುತ್ತಿದೆ, ಹೇಳಿ ಅಕ್ಕಾ ಏನಾದರೂ ಹೇಳಿ, ಫೋನನ್ನು ಮೆತ್ತನೆಯದೇನೋ ಒಂದರ ಮೇಲೆ ಇಟ್ಟ ಸದ್ದು, ದಿಂಬೇ ಇರಬೇಕು, ಉಸಿರು ಇದ್ದಕ್ಕಿದ್ದಂತೆ ನನ್ನ ಕಿವಿಯಲ್ಲೇ ಇದೆ, ಒರಟಾಗಿ, ಎಳೆದೆಳೆದು, ಅವಳ ಹೆಜ್ಜೆ ಮಂಚದ ಉದ್ದಕ್ಕೂ ದೂರ ಹೋಗುತ್ತದೆ, ಕಾಲ ಬುಡದ ಕಡೆಗೆ, ನಿಲ್ಲುತ್ತದೆ, ಮಂಡಿ ಮಡಿಸಿ ಕೂರುತ್ತಿರಬೇಕು, ಏನು ಹೇಳಲಿ ನಾನು, ಮೊದಲ ಮಾತು ಏನು, ಮತ್ತೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ, ಕಿರ್ರ್, ಆ ಹಿಡಿ, ಒಂದು ಸುತ್ತು, ಕಿರ್ರ್, ಅವನ ತಲೆ ನನ್ನ ಕಡೆಗೆ ಏಳುತ್ತಿದೆ, ಆ ಹಿಡಿ, ಎರಡು ಸುತ್ತು, ಆ ಹಿಡಿ —