ಬಾಯಿಗೆ ಹೋಗುವ ಅಂಟು

ವಂಡ್ಸೆಯ ವನಜ ಮೂವತ್ತು ವರ್ಷ ಬೀಡಿ ಕಟ್ಟಿದವಳು. ಬೀಡಿಗೆ ಅಂಟು ಬೇಡ. ಎಲೆ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದರೆ ಮುಗಿಯಿತು. ಹಾಗಾಗಿ ಸಾಸ್ತಾನದ ಗೌರೀಶ್ ಕಾರಿನಿಂದ ಅಗಲ ಎಲೆಯ ಹೊಗೆಸೊಪ್ಪಿನ ಕಟ್ಟು ಇಳಿಸಿ, ಇನ್ನು ಮನೆಯಲ್ಲೇ ಕೂತು ಸಿಗಾರ್ ಸುತ್ತಿ ಕೊಡಬೇಕು ಎಂದಾಗ ಅವಳಿಗೆ ಮೊದಲು ಬಂದ ಸಂಶಯ ಅದೇ.

"ಇದಕ್ಕೆ ನೂಲ್ ಕಟ್ಟುಕಾತಿಲ್ಲೆ. ಹೊರಗಿನ್ ಎಲೆ ಎಂತದ್ರಲ್ಲಿ ನಿಲ್ಸುದ್?"

"ಸಲ್ಪ ಗಂಜಿ ಹಚ್ಚಿ ಅಕ್ಕಾ. ಮುಂಬೈಯಂಗೆ ಹಾಂಗೇ ಮಾಡುದ್" ಎಂದ ಗೌರೀಶ್. ಮುಂಬೈಯಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿ ಊರಿಗೆ ಮರಳಿದವನು ಅವನು. ಬೈಂದೂರಿನ ಬದಿಯ ಒಂದು ರೆಸಾರ್ಟಿಗೆ ಕೈಯಲ್ಲಿ ಸುತ್ತಿದ ಸಿಗಾರ್ ಕೊಡುವುದಾಗಿ ಮಾತು ಕೊಟ್ಟು ಬಂದಿದ್ದ.

ವನಜ ಗಂಜಿಯ ಹಿಂದೆ ಒಂದು ವಾರ ಬಿದ್ದಳು. ಕುಚ್ಚಲಕ್ಕಿಯ ಗಂಜಿ ಹಿಡಿಯಲಿಲ್ಲ. ಮೈದಾ ಹಿಡಿಯಿತು, ಆದರೆ ಒಣಗಿದ ಮೇಲೆ ಕಂದು ಎಲೆಯ ಮೇಲೆ ಬಿಳಿ ಗೆರೆ ಬಿಟ್ಟಿತು. ಕೊನೆಗೆ ಬಿಳಿಯ ಬೆಳ್ತಿಗೆ ಅಕ್ಕಿಯನ್ನು ನೆನೆಸಿ, ನುಣ್ಣಗೆ ರುಬ್ಬಿ, ಸಣ್ಣ ಉರಿಯಲ್ಲಿ ಗಾಜಿನಂತೆ ತಿಳಿಯಾಗುವವರೆಗೆ ಕಾಯಿಸಿ, ಬಟ್ಟೆಯಲ್ಲಿ ಸೋಸಿದಳು. ಕಿರುಬೆರಳಿನ ತುದಿಯಷ್ಟು ಹಚ್ಚಿದರೆ ಸಾಕು, ಎಲೆ ಎಲೆಗೆ ಕೂತುಬಿಡುತ್ತಿತ್ತು. ನಾಲಿಗೆಗೆ ಹಾಕಿ ನೋಡಿದಳು. ಬರೀ ಅನ್ನದ ರುಚಿ. ಪಕ್ಕದ ಮನೆಯ ರತ್ನಳಿಗೂ ಅದನ್ನೇ ಕಲಿಸಿದಳು. ದಿನ ಬೆಳಿಗ್ಗೆ ಹೊಸದಾಗಿ ಕಾಯಿಸಬೇಕು, ನಿನ್ನೆಯದು ಮುಟ್ಟಬಾರದು, ಸುತ್ತಿದ್ದನ್ನು ನೆರಳಿನಲ್ಲಿ ಎರಡು ದಿನ ಬಿದಿರಿನ ಗೆರಸಿಯಲ್ಲಿ ಹರಡಿ ಒಣಗಿಸಬೇಕು.

ಗೌರೀಶನಿಗೆ ಆ ಎರಡು ದಿನ ತಡೆಯಲಾಗಲಿಲ್ಲ. ಸುತ್ತಿದ ದಿನವೇ ಬಂದು ಪೆಟ್ಟಿಗೆಗೆ ತುಂಬಿಸಿಕೊಂಡು ಹೋಗುತ್ತಿದ್ದ. ಜುಲೈಯಲ್ಲಿ ಒಂದು ಪೆಟ್ಟಿಗೆ ತೇವಕ್ಕೆ ಪೂರ್ತಿ ಬಿಳಿ ಬೂಸಲು ಹಿಡಿದು ವಾಪಸು ಬಂತು. ಅದನ್ನು ತಂದು ವನಜಳ ಜಗಲಿಯ ಮೇಲೆ ಕುಕ್ಕಿದ.

"ಕಾಣಿ, ನಿಮ್ ಗಂಜಿ ಮಾಡಿದ್ ಕೆಲ್ಸ."

"ಗಂಜಿ ಎಂತ ಮಾಡಿತ್? ಹಸಿ ಹಸಿ ತುಂಬ್ಸ್ಕಂಡ್ ಹೋದ್ದ್ ಯಾರ್?"

ಅವನು ಕಾರಿನಿಂದ ಎರಡು ಬಿಳಿ ಡಬ್ಬಿ ತಂದಿಟ್ಟ. ಚೀಟಿ ಕಿತ್ತು ತೆಗೆದ ಗುರುತು ಎರಡರ ಮೇಲೂ ಇತ್ತು. ಮುಚ್ಚಳ ತೆರೆದಾಗ ಹುಳಿ ಹುಳಿಯಾದ, ಮೂಗು ಸುಡುವ ವಾಸನೆ. ಆ ವಾಸನೆ ವನಜಳಿಗೆ ಗೊತ್ತಿತ್ತು. ಅವಳ ಗಂಡ ಇದ್ದಾಗ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕೆಲಸ ಮಾಡುತ್ತಿದ್ದ. ಅಂಗಿಯಲ್ಲಿ ಅದೇ ವಾಸನೆ ಹೊತ್ತು ಬರುತ್ತಿದ್ದ.

"ಇದ್ ದೋಣಿ ಹಲ್ಗಿ ಕೂಡ್ಸು ಅಂಟಲ್ದಾ?"

"ಒಣ್ಗಿದ್ ಮೇಲೆ ಎಂತದೂ ಆತಿಲ್ಲೆ. ಬೂಸ್ಲೂ ಬತ್ತಿಲ್ಲೆ."

"ಇದನ್ ಹಚ್ಚುದ್ ಬಾಯಂಗೆ ಇಡು ತುದಿಗೆ, ಗೌರೀಶ. ಮತ್ತೆ ಸುಟ್ಟ್ ಹೊಗೆ ಒಳ್ಗ್ ಹೋತ್."

ಗೌರೀಶ್ ನಕ್ಕ. "ಹೊಗೆಸೊಪ್ಪೇ ವಿಷ ಅಕ್ಕಾ. ಅದ್ರಂಗೆ ಒಂದ್ ಹನಿ ಅಂಟ್ ಎಂತ ಲೆಕ್ಕ?"

ಆ ನಗುವಿಗೆ ವನಜಳ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಹೊಗೆಸೊಪ್ಪಿನ ಧೂಳು ಕುಡಿದವಳಿಗೆ ಅದು ವಿಷವೆಂದು ಇವನು ಹೇಳಿಕೊಡಬೇಕೇ?

"ಸೇದುವವ ಸೊಪ್ಪ್ ಅಂದೇಳಿ ಗೊತ್ತಿದ್ದೇ ಸೇದುದ್. ಸಿಗಾರ್ ಪೆಟ್ಟಿಗೆ ಮೇಲೂ ಬರ್ದಿರ್ತ್. ಅಂಟಿನ್ ಸುದ್ದಿ ಅವ್ನಿಗೆ ಯಾರ್ ಹೇಳಿರ್? ನೀ ಚೀಟಿ ಎಂತಕ್ಕೆ ಕಿತ್ತದ್?"

ಗೌರೀಶ್ ತಲೆ ತಗ್ಗಿಸಿ ಮೊಬೈಲು ನೋಡಿದ. ವನಜ ಅವನ ಎದುರಿಗೇ ಒಂದು ಸಿಗಾರ್ ಸುತ್ತಿದಳು. ತುದಿಗೆ ಡಬ್ಬಿಯ ಅಂಟನ್ನು ದಪ್ಪಗೆ ಹಚ್ಚಿ, ಬೀಸಣಿಗೆಯಿಂದ ಗಾಳಿ ಹಾಕಿ ಒಣಗಿಸಿದಳು. ಬೆಂಕಿಪೊಟ್ಟಣ ಸಮೇತ ಅವನ ಮುಂದೆ ಹಿಡಿದಳು.

"ಎಳ್ದ್ ಕಾಣ್."

"ಈಗ ಬ್ಯಾಡ. ಡ್ರೈವಿಂಗ್ ಇತ್ತ್."

"ಕಡ್ಡಿ ನಾನೇ ಗೀರ್ತೆ. ಎರಡೇ ದಮ್."

ಕೈ ಚಾಚದೆ ಅವನು ಎದ್ದ. ಆಗದಿದ್ದರೆ ಸೊಪ್ಪು ವಾಪಸು ಕೊಡಿ, ಮಾಡುವವರು ಬೇಕಾದಷ್ಟು ಜನ ಇದ್ದಾರೆ ಎಂದು ಹೇಳಿ, ಡಬ್ಬಿಗಳನ್ನು ರತ್ನಳ ಮನೆಗೆ ಒಯ್ದ. ವನಜ ತನ್ನ ಪಾಲಿನ ಸೊಪ್ಪನ್ನು ಗಂಜಿಯಲ್ಲೇ ಸುತ್ತುತ್ತ ಹೋದಳು.

ರತ್ನ ಬೇಡವೆನ್ನಲಿಲ್ಲ. ಬೆಳಿಗ್ಗೆ ಎದ್ದು ಗಂಜಿ ಕಾಯಿಸುವ ಕೆಲಸ ತಪ್ಪಿತ್ತು. ಅವಳಿಗೆ ಎಲೆ ಸುತ್ತುವಾಗ ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳುವ ಅಭ್ಯಾಸ. ಹತ್ತು ದಿನದಲ್ಲಿ ತುಟಿಯ ಸಿಪ್ಪೆ ಎದ್ದು, ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುವ ಹಾಗಾಯಿತು. ಅದನ್ನು ನೋಡಿದ ಮರುದಿನ ವನಜ ರತ್ನಳ ಮನೆಯಿಂದ ಒಂದು ಸಿಗಾರ್ ಮತ್ತು ಡಬ್ಬಿಯ ತಳದಲ್ಲಿ ಉಳಿದಿದ್ದ ಅಂಟನ್ನು ಚೀಲಕ್ಕೆ ಹಾಕಿಕೊಂಡು ಬೈಂದೂರಿನ ಬಸ್ಸು ಹತ್ತಿದಳು.

ರೆಸಾರ್ಟಿನ ಮ್ಯಾನೇಜರ್ ವಿನಯಾ ಮೂವತ್ತರ ಹುಡುಗಿ. ವನಜ ಹೇಳಿದ್ದನ್ನೆಲ್ಲ ಕೇಳಿ, ಅಂಟನ್ನು ಮೂಸಿ, ಸಿಗಾರಿನ ತುದಿಯನ್ನು ಚೂರಿಯಿಂದ ಕೊಯ್ದು ನೋಡಿದಳು. ಎಲೆಗಳ ನಡುವೆ ಪ್ಲಾಸ್ಟಿಕ್ಕಿನ ಪೊರೆಯಂತೆ ಬಿಳಿಯದು ಎದ್ದು ಬಂತು.

"ನಾನು ಇದನ್ನು ಅತಿಥಿಗಳ ಟೇಬಲಿನ ಮೇಲೆ ಇಟ್ಟಿದ್ದೆ" ಎಂದಳು. ಆಮೇಲೆ ಕಪಾಟಿನಿಂದ ಪೆಟ್ಟಿಗೆಗಳನ್ನೆಲ್ಲ ತೆಗೆಸಿದಳು.

"ಗಂಜಿಯಲ್ಲ್ ಮಾಡಿದ್ದ್ ಬೇಕಾರೆ ನಾ ಮಾಡಿ ಕೊಡ್ತೆ" ಎಂದಳು ವನಜ.

"ಬೇಡಮ್ಮಾ. ಇನ್ನು ನಮಗೆ ಸಿಗಾರಿನ ಸಹವಾಸವೇ ಬೇಡ."

ಕೆಲಸ ಹೋಯಿತು. ವನಜಳದೂ, ರತ್ನಳದೂ. ರತ್ನ ಬಾವಿಕಟ್ಟೆಯಲ್ಲಿ ಎಲ್ಲರ ಎದುರು ಹೇಳಿದಳು: "ನಿಂಗೆ ಬಾಯಿ ಮುಚ್ಕಂಡ್ ಇಪ್ಪುಕೆ ಎಂತ ಆತಿತ್ತ್? ತುಟಿ ನಂದ್, ಉರಿ ನಂದ್."

ವನಜ ಕೊಡ ತುಂಬಿಸಿಕೊಂಡು ಬಂದಳು. ಸಿಟ್ಟಿಗೆ ಆ ದಿನ ಊಟ ಸೇರಲಿಲ್ಲ. ಚೀಟಿ ಕಿತ್ತವನನ್ನು ಊರಲ್ಲಿ ಒಬ್ಬರೂ ಕೇಳಲಿಲ್ಲ. ಬಸ್ಸು ಹತ್ತಿ ಹೋಗಿ ಹೇಳಿದವಳನ್ನು ಮಾತ್ರ ಎಲ್ಲರೂ ಕೇಳುವವರೇ.

ಗಣೇಶ ಚೌತಿ ಕಳೆದ ಮೇಲೆ ಒಂದು ಸುದ್ದಿ ಬಂತು. ಗೌರೀಶ್ ಈಗ ಬ್ರಹ್ಮಾವರದ ಕಡೆಯ ಹೆಂಗಸರಿಗೆ ಸೊಪ್ಪು ಕೊಟ್ಟಿದ್ದಾನೆ, ಮಾಲು ಗೋವಾಕ್ಕೆ ಹೋಗುತ್ತದೆ. ವನಜ ಮೂರನೆಯ ದಿನ ಒಂದು ಸೇರು ಬೆಳ್ತಿಗೆ ಅಕ್ಕಿ, ಸೋಸುವ ಬಟ್ಟೆ ಚೀಲಕ್ಕೆ ತುಂಬಿಸಿ ಹೊರಟಳು. ಕುಂದಾಪುರದಲ್ಲಿ ಬಸ್ಸು ಬದಲಿಸಿ, ಕೇಳುತ್ತ ಕೇಳುತ್ತ ಹೋಗಿ ಆ ಮನೆ ಹುಡುಕಿದಳು.

ಜಗಲಿಯಲ್ಲಿ ನಾಲ್ಕು ಹೆಂಗಸರು ಸುತ್ತುತ್ತಿದ್ದರು. ನಡುವೆ ಬಿಳಿ ಡಬ್ಬಿ. ಮನೆಯವಳು ವಿಜೇತಾ, ಸೊಂಟದ ಮೇಲೆ ಮಗು ಇಟ್ಟುಕೊಂಡು ಎದ್ದು ಬಂದಳು.

"ಯಾರ್ ನೀವ್? ಎಂತ ಬೇಕಿತ್ತ್?"

"ನಂಗೆ ಎಂತ ಬ್ಯಾಡ ಹೆಣ್ಣೆ. ಇದೇ ಕೆಲ್ಸ ಮಾಡ್ತಿದ್ದವ್ಳ್ ನಾನ್. ಆ ಡಬ್ಬಿ ದೋಣಿ ಮರಕ್ಕೆ ಹಾಕುದ್. ಮಗು ಕೈಗ್ ಸಿಕ್ಕುವಲ್ಲ್ ಇಡ್ಬ್ಯಾಡಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಅವ್ರ್ ಫಾರಿನ್ ಗಮ್ ಅಂದಿರ್" ಎಂದಳು ಒಬ್ಬಳು. ವನಜ ವಂಡ್ಸೆಯಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳಿದಳು. ಹೇಳುವಾಗ ಧ್ವನಿ ಏರಿತು. ಇಳಿಸಲು ಅವಳು ಹೋಗಲಿಲ್ಲ. ಕೆಲಸ ಹೋದದ್ದನ್ನೂ ಮುಚ್ಚಿಡಲಿಲ್ಲ.

ವಿಜೇತಾ ಮಗುವನ್ನು ಪಕ್ಕದವಳ ಮಡಿಲಿಗೆ ಹಾಕಿ, ಡಬ್ಬಿಯ ಮುಚ್ಚಳ ಬಿಗಿದು ಸೂರಿನ ಸಂದಿಗೆ ಏರಿಸಿಟ್ಟಳು.

"ಒಳ್ಗ್ ಬನ್ನಿ ಅಕ್ಕಾ" ಎಂದಳು. "ಅಕ್ಕಿ ಎಷ್ಟೊತ್ತ್ ನೆನ್ಸುದ್?"